ಎರಡಿಂಚು

ಲಾಲೇಸಾ, ಜ್ಯಾಕ್ ಇನ್ನ ಇಳಸಬ್ಯಾಡ.
ಟಾರ್ಚ್ ಹಿಡಕೊಂಡು ಕೆಳಗ ಬಾ,
ಬೆನ್ನಿಗೆ ಆ ರಟ್ಟು ಹಾಕ್ಕೋ, ನೆಲ ಇನ್ನೂ ಹಸಿ ಐತಿ.
ನಾಳೆ ಗುರುವಾರ, ಭೋಸರಿಯಾಗ ಕರೆಂಟ್ ಇರೂದಿಲ್ಲ,
ಇವತ್ತೇ ಮುಗಸಬೇಕು.

ಧಮಢೇರೆ ಸಾಹೇಬರಿಗೆ ದೊಡ್ಡ ಗಾಲಿ ಬೇಕಂತ.
ಮೂವತ್ತಮೂರು ಇಂಚಿನವು, ಗ್ವಾಡಿಗೆ ಒರಗಿ ನಿಂತಾವಲ್ಲ,
ಮೈತುಂಬ ಇನ್ನೂ ರಬ್ಬರಿನ ಎಳೇ ಕೂದಲು.
ವಾರಕ್ಕ ಆರು ದಿನ ಹಿಂಜವಡಿ ಸಿಗ್ನಲ್ಲಿನಾಗ ನಿಂತಿರೋ ಗಾಡಿ ಇದು,
ಏಳನೇ ದಿನ ತೋರಣಾ ಗುಡ್ಡದ ಹಿಂದಿನ ಕಲ್ಲುದಾರಿ ಕೇಳತೈತಿ.
ಕೇಳಲಿ, ನಮಗೇನು.

ಹಳೇ ಜೀಪಾಗಿದ್ರ ಮಧ್ಯಾಹ್ನದೊಳಗ ಮುಗೀತಿತ್ತು.
ಅದಕ್ಕ ಚಕ್ಕಡಿಯಂಗ ಒಂದೇ ಅಚ್ಚು,
ಎಡಗಾಲಿ ಕಲ್ಲು ಹತ್ತಿದ್ರ ಬಲಗಾಲಿಗೂ ಸುದ್ದಿ ಮುಟ್ಟತಿತ್ತು.
ಪಟ್ಟಿ ಎತ್ತು, ಬೋಲ್ಟ್ ಬಿಗಿ, ಚಾ ಕುಡಿ.
ಇದು ಹಂಗಲ್ಲ.
ಒಂದೊಂದು ಗಾಲಿಗೂ ಒಂದೊಂದು ತೋಳು.
ತಗ್ಗು ಯಾರಿಗೆ ಬಂತೋ ಅವರೇ ಇಳೀಬೇಕು,
ಬಾಜೂದವನಿಗೆ ಗೊತ್ತಾಗೂದಿಲ್ಲ.
ಸ್ವತಂತ್ರ ಅಂತಾರ ಇದಕ್ಕ,
ಶೋರೂಮಿನಾಗ ಇದಕ್ಕೇ ರೊಕ್ಕ ಹೆಚ್ಚು.

ನೋಡು, ಸ್ಪ್ರಿಂಗಿನ ತಲಿ ಮ್ಯಾಲ ಈ ಬಿಲ್ಲೆ ಕೂಡಿಸಿದೆ.
ಮೈ ಎರಡಿಂಚು ಮ್ಯಾಲಕ್ಕ ಹೋತು,
ಮೈ ಜೋಡಿ ಡಿಫರೆನ್ಷಿಯಲ್ಲೂ ಹೋತು.
ಆದ್ರ ಗಾಲಿ ನೆಲ ಬಿಟ್ಟು ಎಲ್ಲಿಗೆ ಬರಬೇಕು?
ನಿನ್ನೆ ತನಕ ಅಡ್ಡ ಮಲಗಿದ್ದ ಆಕ್ಸಲ್
ಈಗ ಇಳಿಜಾರಿಗೆ ಬಿದ್ದೈತಿ.
ಇಲ್ಲಿ ಹಿಡಿ ಬೆಳಕು. ಈ ಕಪ್ಪು ರಬ್ಬರ್ ಬೂಟು ಕಂಡಿತೇನು?
ಮಡಿಕಿಗೆ ಮಡಿಕಿ ತಿಕ್ಕತೈತಿ.
ಇವತ್ತು ಏನೂ ಅನ್ನೂದಿಲ್ಲ. ಮೂರು ತಿಂಗಳಿಗೆ ಸೀಳತೈತಿ,
ಗ್ರೀಸೆಲ್ಲಾ ರಿಮ್ಮಿನ ಒಳಗ ಚೆಲ್ಲಿ
ತಿರುವಿನಾಗ ಕಟಕಟ ಹಲ್ಲು ಕಡೀತೈತಿ.
ಅವಾಗ ಸಾಹೇಬರು ಬೈಯೂದು ಗಾಲಿಗಲ್ಲ.

ಅದಕ್ಕ ಡಿಫರೆನ್ಷಿಯಲ್ ಒಂದಿಂಚು ಇಳಸೋಣ.
ನಗಬ್ಯಾಡ. ಹೌದು, ಏರಿಸಾಕ ಬಂದು ಇಳಸೂದೇ.
ಬೆಳಿಗ್ಗಿಂದ ಏರಿಸಿದ್ದೆಲ್ಲಾ ಗಾಲಿ ಹಿಡಸಾಕ, ನೋಡೋರ ಕಣ್ಣಿಗೆ.
ಹೊಟ್ಟಿಗೂ ಕಲ್ಲಿಗೂ ನಡುವ ಖರೇ ಜಾಗ ಕೊಡೂದು
ಆ ಗಾಲಿ ಒಂದೇ,
ಅದೂ ಒಂದೇ ಇಂಚು.

ಸಾಹೇಬರು ಫೋನಿನಾಗ ಫೋಟೋ ತೋರಿಸಿ ನಾಕಿಂಚು ಅಂದಿದ್ರು.
ನಾ ಮರಾಠಿಯೊಳಗ ಹೇಳಿದೆ, ಎರಡು.
ಮತ್ತ ನಾಕು ಅಂದ್ರು.
ನಾ ಪಾನಾ ಕೆಳಗಿಟ್ಟು ಕೈ ಒರಸಿಕೊಂಡೆ.
ಎರಡಕ್ಕ ಒಪ್ಪಿದ್ರು.

ನಿನ್ನ ಪ್ಯಾಂಟು ನೋಡಿಕೊಂಡಿಯೇನೋ?
ರಂಜಾನಿಗೆ ಹೊಲಿಸಿದ್ದು, ಹಿಮ್ಮಡಿ ಮುಚ್ಚತಿತ್ತು,
ಈಗ ಕಾಲಿನ ಗಣ್ಣು ಹೊರಗ ಬಂದೈತಿ.
ರಾತ್ರಿ ಶಟರ್ ಎಳದ ಮ್ಯಾಲ
ಮೊಣಕಾಲು ಹಿಡಕೊಂಡು ಹೊಳ್ಳಾಡತೀದಿ,
ಕೇಳಿದ್ರ ಸೊಳ್ಳಿ ಅಂತೀದಿ.
ಸೊಳ್ಳಿ ಅಲ್ಲೋ ಅದು.
ಎಲುವು ಮುಂದ ಹೋಗ್ಯಾವ, ನರ ಹಿಂದ ಉಳದಾವ.
ನಿನಗ ಬಿಲ್ಲೆ ಕೂಡಿಸಿದವ ಯಾರು,
ಒಂದಿಂಚು ಇಳಸಾಕ ಬೋಲ್ಟ್ ಎಲ್ಲೈತಿ, ನನಗ ಗೊತ್ತಿಲ್ಲ.
ಎಳ್ಳೆಣ್ಣಿ ಹಚ್ಚಿಕೋ. ಡಬ್ಬಿ ಬ್ಯಾಟರಿ ಹಿಂದ ಐತಿ.

ಬ್ರೇಕ್ ಪೈಪ್ ಬಿಗಿ ಹಿಡದೈತೇನು ನೋಡು, ಸೆನ್ಸಾರ್ ವೈರೂ.
ಸ್ಟೇರಿಂಗ್ ಪೂರ್ತಿ ಎಡಕ್ಕ ತಿರುವು.
ತಾಕಿತು, ನನಗ ಕೇಳಿತು.
ಬಿಸಿಗಾಳಿ ಗನ್ ತಾ, ಲೈನರ್ ಮೆತ್ತಗ ಮಾಡಿ ಅಂಗೈಲೆ ಒತ್ತೋಣ.
ಕೊಯ್ಯೂದು ಬ್ಯಾಡ, ಕೊಯ್ದದ್ದು ಮತ್ತ ಕೂಡೂದಿಲ್ಲ.

ಇನ್ನೊಂದು, ಬಿಲ್ಲಿನ ಹಿಂದ ಬರೀಬೇಕು, ನೆನಪಿಸು:
ಮೀಟರ್ ಇನ್ಮ್ಯಾಲ ಕಡಿಮಿ ಹೇಳತೈತಿ.
ಅರವತ್ತು ಅಂದಾಗ ಅರವತ್ನಾಕು ಓಡಿರತೈತಿ.
ಗಾಲಿ ದೊಡ್ಡದಾಗಿದ್ದು ಅದಕ್ಕ ಯಾರೂ ಹೇಳಿಲ್ಲ,
ಹಳೇ ಲೆಕ್ಕದಾಗೇ ಸುತ್ತು ಎಣಸತಾ ಕೂತಿರತೈತಿ.
ನಿಮ್ಮಮ್ಮ ಅಫಜಲಪುರದಿಂದ ಫೋನ್ ಮಾಡಿದಾಗೆಲ್ಲಾ
ನಮ್ಮ ಸಣ್ಣಾವ ಉಂಡಾನೇನು ಅಂತ ಕೇಳತಾಳಲ್ಲ,
ಹಂಗ.

ಹೂಂ, ಇಳಸು ಈಗ. ನಿಧಾನ.
ಅಲೈನ್‌ಮೆಂಟಿಗೆ ಲಾಂಡೇವಾಡಿ ತನಕ ಹೋಗಬೇಕು.
ನಾ ಓಡಸತೀನಿ, ನೀ ಕಿಡಕಿಯಿಂದ ತಲಿ ಹೊರಗ ಹಾಕಿ
ತಿರುವಿನಾಗ ಕಟ್ ಅಂತೇನು ಕೇಳು.
ಹತ್ತು. ಮೆಟ್ಟಲಿಲ್ಲ ಇದಕ್ಕ,
ಕಾಲು ಎತ್ತಿಡು,
ನಿನಗ ನಿಲುಕತೈತಿ.