ಮೂರು ಹನಿ

ನಮ್ಮ ಶಿಡ್ಲಘಟ್ಟದಲ್ಲಿ ಎಣ್ಣೆ ರಾತ್ರಿಯ ಬಾಬತ್ತು.
ಹಗಲು ರೇಷ್ಮೆಗೆ ಜಿಡ್ಡು ತಾಗಿತೋ, ಕೂಲಿ ಕಟ್;
ಕೈ ಒರಟಾಯಿತೋ, ಎಳೆ ಕಟ್.

ಕುದಿನೀರಲ್ಲಿ ಗೂಡು ತಡಕಿ ತಡಕಿ
ಬೆರಳಚ್ಚೇ ಸವೆದುಹೋಗಿದೆ ಶಮೀಮಕ್ಕನಿಗೆ.
ಹರಳೆಣ್ಣೆ ಅಂಟು. ಕೊಬ್ಬರಿಯೆಣ್ಣೆ ಮಾಗಿಯಲ್ಲಿ ಕಲ್ಲು.
ಹೊಂಗೆಯೆಣ್ಣೆಗೆ ಗಂಡ ಮಗ್ಗುಲು ಬದಲಿಸುತ್ತಾನೆ.

ಮೊನ್ನೆ ಸೊಸೆ ರುಕಯ್ಯಾ ತಂದಳು
ಹೆಬ್ಬೆರಳುದ್ದದ ಸೀಸೆ: ಜೊಜೊಬಾ.
ಜೋ ಜೋ, ಬಾ — ತೊಟ್ಟಿಲು ತೂಗುವ ದನಿಯಲ್ಲಿ ಓದಿ
ನಾವೆಲ್ಲ ನಕ್ಕೆವು, ಬೆಲೆ ಕೇಳುವ ತನಕ.

ಮೂರೇ ಹನಿ. ಬೆರಳ ಸಂದಿಗಷ್ಟು,
ಅಂಗೈಯಲ್ಲುಳಿದದ್ದು ಬೈತಲೆಗೆ.
ನಸುಕಿಗೆ ಕಡಲೆಹಿಟ್ಟು ಹಚ್ಚಿ ತೊಳೆದು
ಒಂದೆಳೆಯ ಮೇಲೆ ಬೆರಳಾಡಿಸಿದಳು:
ಜಿಡ್ಡಿಲ್ಲ. ತುಂಡಾಗಲೂ ಇಲ್ಲ.

ರೇಷನ್ ಅಂಗಡಿಯ ಯಂತ್ರ ಮಾತ್ರ
ಆ ಮೆತ್ತನೆ ಹೆಬ್ಬೆರಳಿಗೂ
‘ಇನ್ನೊಮ್ಮೆ ಒತ್ತಿ’ ಎಂದಿತು.
ಒತ್ತಿದಳು, ಸೆರಗಿಗೆ ಒರೆಸದೆ.