ಒಂದು ಶಾಲು ಮಿಕ್ಕಿತ್ತು

ಕಟ್ಟಿನಕೆರೆ ಮಾರ್ಕೆಟ್ಟಿಂದ ಹನ್ನೆರಡು ಶಾಲು ತಂದಿದ್ದೆವು,
ಡಜನ್ನಿನ ರೇಟಿಗೆ. ಸನ್ಮಾನಿತರು ಹನ್ನೊಂದೇ ಜನ.
ಶಾಮಿಯಾನ ಕೊಟ್ಟವರು, ಮೈಕು ಕೊಟ್ಟವರು,
ಹೋದ ವರ್ಷ ಕುರ್ಚಿ ಕೊಡುತ್ತೇನೆಂದಿದ್ದವರು,
ಸಭೆ ಸಭೆಗೂ ಎದ್ದು, "ಒಂದೇ ಮಾತು" ಎಂದು
ಮುಕ್ಕಾಲು ಗಂಟೆ ಕೂರದೇ ಇದ್ದವರು.
ಮೈಸೂರು ಪೇಟ ಒಬ್ಬರಿಗೆ ದೊಡ್ಡದಾಗಿ ಕಣ್ಣ ಮೇಲೆ ಜಾರಿತು.
ಫೋಟೋದಲ್ಲಿ ಈಗಲೂ ಅವರು ಬರೀ ಗದ್ದ.

ಬಿನ್ನವತ್ತಳೆ ಬರೆದವನು ನಾನು, ಸಂಘದ ಕಾರ್ಯದರ್ಶಿ.
ಹೆಸರಿನ ಜಾಗ ಖಾಲಿ ಬಿಟ್ಟು ಹನ್ನೊಂದು ಪ್ರತಿ.
"ತಮ್ಮ ನಿಸ್ವಾರ್ಥ ಸೇವೆಯನ್ನು ಮನಗಂಡು..."
ಎಲ್ಲರಿಗೂ ಒಂದೇ ಅಳತೆಯ ಅಂಗಿ.

ರಾತ್ರಿ ಲೆಕ್ಕ ಬರೆಯುತ್ತ ಕೂತೆ:
ಶಾಲು ಹನ್ನೆರಡು, ಕೊಟ್ಟದ್ದು ಹನ್ನೊಂದು, ಬಾಕಿ
ಅನ್ನುವಲ್ಲಿಗೆ ಪೆನ್ನು ನಿಂತು, ಅಲ್ಲೇ ತೂಕಡಿಸಿ,
ಎಚ್ಚರಾದದ್ದು ಬಾಗಿಲ ಸದ್ದಿಗೆ.
ಟಕ್ ಟಕ್.
"ಸಾರ್, ನೀರು."

ಪೆನ್ಶನ್ ಮೊಹಲ್ಲಾದ ನಮ್ಮ ಅಡ್ಡರಸ್ತೆಗೆ
ಹೇಮಾವತಿ ಬರುವುದು ನಾಲ್ಕು ದಿನಕ್ಕೊಮ್ಮೆ,
ಅದೂ ಕಳ್ಳಿಯ ಹಾಗೆ, ಹೊತ್ತಲ್ಲದ ಹೊತ್ತಿಗೆ.
ಇಳಿಜಾರಿನ ತುದಿಯ ಮನೆಯಲ್ಲಿ ನಲ್ಲಿ ಮೊದಲು ಉಬ್ಬಸ ಪಡುತ್ತದೆ,
ಆ ಮನೆಯ ಖುರ್ಷೀದ್ ಬೀ ಏಳುತ್ತಾಳೆ,
ಮೂವತ್ತೆರಡು ಬಾಗಿಲು ತಟ್ಟುತ್ತಾಳೆ.
ಒಂಬತ್ತು ವರ್ಷ. ನಾನು ಪ್ರತಿ ಸಲವೂ
"ಹ್ಞೂಂ" ಅಂದಿದ್ದೇನೆ, ಒಳಗಿಂದಲೇ.

ಶಾಲು ತಗೊಂಡು ಹೋದೆ. ಸೀರೆಗೆ ಫಾಲ್ಸ್ ಹೊಲಿಯುತ್ತಿದ್ದಳು,
ತುಟಿಯ ನಡುವೆ ಮೂರು ಗುಂಡುಪಿನ್ನು.
ಅವನ್ನು ತೆಗೆದು ಒಂದೊಂದಾಗಿ ಡಬ್ಬಿಗೆ ಹಾಕುವ ತನಕ
ನಾನು ನಿಂತೇ ಇದ್ದೆ, ಭಾಷಣ ಮರೆತವನಂತೆ.

"ಇದೆಲ್ಲಾ ಯಾತಕ್ಕೆ ಸಾರ್? ಆಲೂರಲ್ಲಿ ನನ್ ತಂಗಿಗೆ ಹೆರಿಗೆ,
ನಾನು ಎರಡು ದಿನ ಇರಲ್ಲ. ನಾಳೆ ನೀರಿನ ದಿನ.
ಬಾಗಿಲು ತಟ್ಟೋಕೆ ಯಾರಾದರೂ ಸಿಗ್ತಾರಾ, ಅದನ್ನ ನೋಡಿ.
ಮೇಷ್ಟ್ರ ಮನೇಲಿ ಬೆಲ್ ಒತ್ತಬೇಡಿ, ಹಸುಗೂಸಿದೆ.
ಗೇಟಿನ ಹತ್ರ ನಾಯಿ ಬಂದ್ರೆ 'ಟೈಗರ್' ಅನ್ನಿ, ಸಾಕು, ಅದಕ್ಕೆ ಹೆಸರು ಕರೆದ್ರೆ ಆಯ್ತು.
ಹದಿನೇಳನೇ ಮನೆ ಅಜ್ಜಿಗೆ ಕಿವಿ ಕೇಳಲ್ಲ,
ಕಿಟಕಿಗೆ ಬ್ಯಾಟರಿ ಬಿಡಿ, ಗೋಡೆ ಮೇಲೆ ಎರಡು ಸಲ.
ಶಾಲು ನೀವೇ ಹೊದ್ಕೊಂಡು ಹೋಗಿ, ಚಳಿ ಇರ್ತದೆ."

ಅವಳ ಬೀಗದ ಕೈ ನನ್ನ ಜೇಬಲ್ಲಿ. ಅವಳ ಜಗಲಿಯ ಮೇಲೆ ಕೂತು
ನಲ್ಲಿಯ ಗಂಟಲನ್ನೇ ಆಲಿಸಿದೆ. ಮೂರೂ ಮುಕ್ಕಾಲಿಗೆ ಅದು ಕೆಮ್ಮಿತು.
ಮಾರ್ಗಶಿರದ ಹಾಸನ; ಉಸಿರು ಕಣ್ಣಿಗೆ ಕಾಣುವಷ್ಟು ಬಿಳಿ.
ಮೊದಲ ಬಾಗಿಲು ಜೋರಾಯಿತು, ಬೈಸಿಕೊಂಡೆ.
ಎರಡನೆಯದು ಮೆತ್ತಗಾಯಿತು, ಯಾರೂ ಏಳಲಿಲ್ಲ.
ಮಲಗಿದವರನ್ನು ಬೆಚ್ಚದ ಹಾಗೆ ಎಬ್ಬಿಸುವುದಕ್ಕೂ
ಬೆರಳಿಗೊಂದು ಕಸುಬು ಬೇಕು.

ಬಾಗಿಲು ತೆರೆದವರೆಲ್ಲ ನನ್ನ ಹೆಗಲಾಚೆ ಇಣುಕಿದರು.
"ಖುರ್ಷೀದ್ ಬೀ ಎಲ್ಲಿ?"
"ಅವರಿಗೆ ಹುಷಾರಿಲ್ವಾ?"
"ಏನಾಯ್ತು ಅವಳಿಗೆ?"
ಕೊಡ ಸೊಂಟದಲ್ಲೇ ಬಿಟ್ಟು ರಸ್ತೆಗಿಳಿದರು ಕೆಲವರು.
ಆ ಬೀದಿಯಲ್ಲಿ ಮೈಕಿಲ್ಲದೆ ಒಂದು ಹೆಸರು
ಮನೆಯಿಂದ ಮನೆಗೆ ದಾಟಿದ್ದನ್ನು ನಾನು ಅಂದು ಕೇಳಿದೆ.
ಪೇಟ ತೊಟ್ಟ ಹನ್ನೊಂದರಲ್ಲಿ ನಾಲ್ವರು ಅಲ್ಲೇ ಇದ್ದರು,
ಬನಿಯನ್ನಿನಲ್ಲಿ, ಬಕೆಟ್ಟು ಹಿಡಿದು.

ಕೊನೆಗೆ ಅವಳ ಡ್ರಮ್ಮನ್ನು ತುಂಬಿಸಿ ಮುಚ್ಚಿದೆ.

ಮೂರನೇ ದಿನ ಬಂದಳು. ತಂಗಿಗೆ ಹೆಣ್ಣುಮಗು.
ಊರೆಲ್ಲ ಅವಳನ್ನು ಕೇಳಿತೆಂದು ಹೇಳಹೊರಟೆ,
ಅಷ್ಟರಲ್ಲಿ ಅವಳೇ ಕೇಳಿದಳು:
"ಹದಿನೇಳನೇ ಮನೆ ಅಜ್ಜಿಗೆ ನೀರು ಸಿಕ್ತಾ ಸಾರ್?"

ಜೇಬಿನಲ್ಲಿ ಬ್ಯಾಟರಿ ಇತ್ತು.
ಮರೆತಿದ್ದೆ.