ತೋಳ ಒಂಬತ್ತೂವರೆ

ಅಳತೆ ಪುಸ್ತಕದ ಮೇಲೆ ಟೀ ಚೆಲ್ಲಿದ ದಿನ
ಮುಬೀನಾ ನನ್ನ ಫೋನಿಗೆ ಅದನ್ನು ಹಾಕಿಕೊಟ್ಟಳು.
"ನೋಟ್ಸ್ ಆ್ಯಪ್ ಅಕ್ಕಾ. ನೆನೆಯಲ್ಲ, ಹರಿಯಲ್ಲ,
ಜಿರಳೆ ತಿನ್ನಲ್ಲ."
ಸಾಲಗಾಮೆ ರಸ್ತೆಯ ಈ ಎಂಟಡಿ ಅಂಗಡಿಯಲ್ಲಿ
ಹದಿನಾರು ವರ್ಷದ ರವಿಕೆಗಳು
ಬೆನ್ನಿಗೆ ಬೆನ್ನು ಅಂಟಿಕೊಂಡು ಫ್ಯಾನಿನಡಿ ಒಣಗುತ್ತಿದ್ದವು.
ಪುಟಕ್ಕೊಂದು ಗುಂಡುಸೂಜಿ, ಸೂಜಿಗೊಂದು ಚೂರು ಬಟ್ಟೆ.

ಟೈಪು ಮಾಡಲು ನನ್ನ ಬೆರಳು ದಪ್ಪ.
ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದಂತೆ.
ಟೇಪು ಕೊರಳಲ್ಲಿ, ಸೂಜಿ ತುಟಿಯಂಚಲ್ಲಿ, ಹೇಳಿದೆ:
ದುದ್ದದ ಪುಟ್ಟಲಕ್ಷ್ಮಮ್ಮ, ತೋಳು ಒಂಬತ್ತೂವರೆ.
ಅದು ಬರೆಯಿತು:
ತೋಳ ಒಂಬತ್ತೂವರೆ.
ಮಧ್ಯಾಹ್ನದ ಹೊತ್ತಿಗೆ ಅಂಗಡಿ ತುಂಬ ತೋಳಗಳು.
ಗಿಡ್ಡ ತೋಳ, ಮೊಣಕೈವರೆಗಿನ ತೋಳ,
ಜರಿ ಅಂಚಿನ ತೋಳ, ಲೈನಿಂಗ್ ಇಲ್ಲದ ತೋಳ,
ಅಷ್ಟನ್ನೂ ಹಾಸನಾಂಬೆ ಬಾಗಿಲು ತೆರೆಯುವುದರೊಳಗೆ
ಮುಗಿಸಿ ಕೊಡಬೇಕು.
ತಿದ್ದಲು ಹೋಗಲಿಲ್ಲ. ನನಗೆ ಗೊತ್ತಾಗುತ್ತದಲ್ಲ.

ಬರುಬರುತ್ತಾ ಮನೆಯೂ ಅದರೊಳಗೆ ನುಗ್ಗಿತು.
ಗ್ಯಾಸು ಹಚ್ಚಿದ ತಾರೀಖು. ಚೀಟಿ ಎತ್ತಿದವರು, ಎತ್ತದವರು.
ಅತ್ತೆಯ ಮಾತ್ರೆ: ಬಿಳಿಯದು ಬೆಳಿಗ್ಗೆ, ಹಳದಿ ರಾತ್ರಿ,
ಅರ್ಧದ್ದು ಬೇಡ ಅಂದರೂ ಕೊಡುವುದು.
ಹುಡುಕುವ ಜಾಗದಲ್ಲಿ 'ಗುಂಡಿ' ಅಂದರೆ
ಪ್ರೆಸ್ ಗುಂಡಿ ನಾಲ್ಕು ಡಜನ್, ಸಂತೇಪೇಟೆ,
ಅದರ ಕೆಳಗೇ
ನಮ್ಮವರು ಸ್ಕೂಟರಿನಿಂದ ಬಿದ್ದ ಬೇಲೂರು ರಸ್ತೆಯ ಗುಂಡಿ.
'ಹೊಲಿಗೆ' ಅಂದರೆ ಮುನ್ನೂರ ಹನ್ನೆರಡು ಬರುತ್ತವೆ;
ನಡುವೆಲ್ಲೋ ದೊಡ್ಡಾಸ್ಪತ್ರೆ,
ಮೊಣಕಾಲು, ಏಳು ಹೊಲಿಗೆ, ಶುಕ್ರವಾರ ಬಿಚ್ಚುತ್ತಾರೆ.
ಅದೊಂದಕ್ಕೇ ಅಡ್ವಾನ್ಸ್ ಬರೆದಿಲ್ಲ.

ಪ್ರತಿ ಸಾಲಿನ ಎದುರಿಗೂ ಒಂದು ಚೌಕ.
ಮುಟ್ಟಿದರೆ ಸಾಕು, ಮುಗಿದ ಕೆಲಸಕ್ಕೆ ತಾನೇ ಗೀಟು ಎಳೆಯುತ್ತದೆ.
ಅತ್ತೆಗೆ ಒಂದು ದಿನ ಹೇಳಲೇಬೇಕಾದ ಮಾತಿಗೂ
ಚೌಕ ಇಟ್ಟಿದ್ದೇನೆ.
ಎರಡು ವರ್ಷವಾಯಿತು, ಇನ್ನೂ ಖಾಲಿ.

ಹಳೆ ಪುಸ್ತಕದಲ್ಲಾದರೆ ಹೊಸ ಅಳತೆ ಬಂದಾಗ
ಹಳೆಯದರ ಮೇಲೆ ಪೆನ್ಸಿಲ್ ಅಡ್ಡ ಎಳೆದರೆ ಆಯಿತು.
ಇದು ಹಾಗಲ್ಲ, ಏನನ್ನೂ ಬಿಡುವುದಿಲ್ಲ.
ಮೊನ್ನೆ ಇಂದ್ರಾಣಿ ಟೀಚರ್ ತಿಳಿಹಸಿರು ರೇಷ್ಮೆ ತಂದರು,
ತಂಗಿ ಮಗಳ ಆರತಕ್ಷತೆಗೆ.
ಹೆಸರು ಒತ್ತಿದೆ. ಸಾಲಾಗಿ ಇಳಿದವು:
ಯುಗಾದಿ, ಎದೆ ಮೂವತ್ತೆಂಟು.
ಗೌರಿ ಹಬ್ಬ, ಮೂವತ್ತಾರೂವರೆ.
ದೀಪಾವಳಿ, ಮೂವತ್ತೈದು.
ಇವತ್ತು ಟೇಪು ಮೂವತ್ಮೂರಕ್ಕೆ ನಿಂತಿದೆ.

ಪ್ರತಿ ಸಲವೂ ನಾನು,
"ಇಳಿದಿದ್ದೀರ ಟೀಚರ್, ಲಕ್ಷಣವಾಗಿ ಕಾಣ್ತೀರ" ಅಂದಿದ್ದೆ.
ಪ್ರತಿ ಸಲವೂ ಅವರು ನಕ್ಕಿದ್ದರು.
ಈ ಸಲ ಬಾಯಲ್ಲಿ ಸೂಜಿ ಇದ್ದದ್ದು ಒಳ್ಳೆಯದಾಯಿತು.
ಕನ್ನಡಿಯೊಳಗಿಂದ ನನ್ನನ್ನು ನೋಡಿ ಅವರೇ,
"ಬಿಗಿಯಾಗೇ ಹೊಲಿ ಕಣೇ.
ಜೋತುಬಿದ್ದರೆ ಎಲ್ಲರೂ ಕೇಳ್ತಾರೆ."

ರಾತ್ರಿ ಶಟರು ಅರ್ಧ ಎಳೆದು ಕತ್ತರಿಸಲು ಕೂತೆ.
ಕತ್ತರಿ ಸೀಮೆಸುಣ್ಣದ ಗೀಟಿನವರೆಗೆ ಬಂದು
ಗೀಟು ಬಿಟ್ಟು ಆಚೆಗೆ ಹೋಯಿತು.
ಎರಡೂ ಪಕ್ಕ ಎರಡೂವರೆ ಇಂಚು ಒಳಗೆ ಮಡಚಿ
ದೊಡ್ಡ ಹೊಲಿಗೆ ಹಾಕಿದೆ,
ಉಗುರಲ್ಲಿ ಎಳೆದರೂ ಬಿಚ್ಚುವಂಥದ್ದು.
ಹೊರಗಿನಿಂದ ಮೂವತ್ಮೂರು.
ಒಳಗೆ ಯುಗಾದಿ ಮಡಚಿಟ್ಟಿದೆ.

ಫೋನನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲಗೆ,
ಇಂದ್ರಾಣಿ ಟೀಚರ್, ತೋಳು ಹತ್ತು,
ಒಳಗೆ ಬಟ್ಟೆ ಇದೆ, ಬೇಕಾದಾಗ ಬಿಚ್ಚಬಹುದು, ಅಂದೆ.
ಅದು ಬರೆಯಿತು:
ತೋಳ ಹತ್ತು. ಒಳಗೆ ಬೆಟ್ಟ ಇದೆ.

ಚೌಕ ಇಡಲಿಲ್ಲ. ದೀಪ ಆರಿಸಿದೆ.
ಬೆಳಿಗ್ಗೆ ಮುಬೀನಾ ನೋಡಿದರೆ ಕೇಳುತ್ತಾಳೆ,
ಯಾವ ಬೆಟ್ಟ ಅಕ್ಕಾ?